ಕಲ್ಲುಹೂವಿನ ರಾಸಾಯನಿಕಗಳು: ಯಾವ ದ್ರಾವಕ, ಯಾವ ಪರೀಕ್ಷೆ, ತಪ್ಪುವುದು ಎಲ್ಲಿ?

ಉಡುಪಿ_ಸೂಕ್ಷ್ಮಜೀವಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಕಲ್ಲುಹೂವಿನ (ಲೈಕೆನ್, ಅಂದರೆ ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಬಾಳುವ ಜೀವಿ) ಸಾರ ತೆಗೆದು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸುವ ಯೋಚನೆ ಉಂಟು. ಸಾಮಗ್ರಿ ಎರಡು ಕಡೆಯದ್ದು. ಒಂದು ಉಡುಪಿ ಪೇಟೆಯ ಮಸಾಲೆ ಅಂಗಡಿಯ ಪ್ಯಾಕೆಟ್, ಅದರ ಮೇಲೆ "ಪಾರ್ಮೇಲಿಯಾ ಪರ್ಲೇಟಾ" ಅಂತ ಅಚ್ಚಾಗಿದೆ. ಇನ್ನೊಂದು ಹೆಬ್ರಿ ಕಡೆಯ ತೋಟದಲ್ಲಿ ಮುರಿದು ಬಿದ್ದ ಕೊಂಬೆಗಳಿಂದ ಬಿಡಿಸಿದ್ದು. ಯೋಚಿಸಿರುವ ಕ್ರಮ ಹೀಗೆ: 50 ಗ್ರಾಂ ಪುಡಿ, ಸಾಕ್ಸ್‌ಲೆಟ್‌ನಲ್ಲಿ (ಕುದಿಯುವ ದ್ರಾವಕವನ್ನು ಮತ್ತೆ ಮತ್ತೆ ಹರಿಸಿ ಸಾರ ತೆಗೆಯುವ ಉಪಕರಣ) ಮೆಥನಾಲ್ ಹಾಕಿ 8 ಗಂಟೆ, ಬಂದ ಸಾರವನ್ನು ಅಗರ್ ತಟ್ಟೆಯಲ್ಲಿ ಬಾವಿ ಕೊರೆದು ಹಾಕುವುದು. ಇದರಲ್ಲಿ ತಿದ್ದುವಂಥದ್ದು ಎಂತ ಉಂಟು? ಮತ್ತೆ, ಕೆಲವು ಲೈಕೆನ್‌ಗಳಲ್ಲಿರುವ ಅಸ್ನಿಕ್ ಆಮ್ಲ ಲಿವರ್‌ಗೆ ಕೆಟ್ಟದು ಅಂತಾರಲ್ಲ, ಅಡುಗೆಯ ಕಲ್ಲುಹೂವಿನಲ್ಲೂ ಅದು ಇರುತ್ತದೆಯೇ?

ಕೊಣಾಜೆ_ಬಾಟನಿ

ದ್ರಾವಕಕ್ಕೆ ಹೋಗುವ ಮೊದಲು ಕೈಯಲ್ಲಿರುವುದು ಯಾವ ಜಾತಿ ಅಂತ ಖಾತ್ರಿ ಮಾಡಿಕೊಳ್ಳಿ. ಪೇಟೆಯ ಪ್ಯಾಕೆಟ್‌ನಲ್ಲಿ ಒಂದೇ ಜಾತಿ ಸಿಗುವುದು ಅಪರೂಪ. ಪಾರ್ಮೋಟ್ರೀಮಾ ಟಿಂಕ್ಟೋರಮ್, ಪಾ. ರೆಟಿಕ್ಯುಲೇಟಮ್, ಎವರ್ನಿಯಾಸ್ಟ್ರಮ್ ಸಿರ್ಹೇಟಮ್, ಇವುಗಳ ಜೊತೆ ತೊಗಟೆಯ ಚೂರು ಮತ್ತು ಹಾವಸೆ, ಎಲ್ಲ ಸೇರಿರುತ್ತವೆ. ಪರ್ಲೇಟಾ ಎಂಬ ಹೆಸರು ವ್ಯಾಪಾರದಲ್ಲಿ ಹಾಗೇ ನಡೆದು ಬಂದಿದೆ, ಅಷ್ಟೆ.

ಬಿಳಿ ಟ್ರೇಯಲ್ಲಿ ಹರಡಿ, 10 ಪಟ್ಟು ಲೆನ್ಸ್ ಹಿಡಿದು ಬೇರ್ಪಡಿಸಿ. ಟಿಂಕ್ಟೋರಮ್‌ನ ಹಾಲೆಗಳು ದೊಡ್ಡವು, ಸೆಂಟಿಮೀಟರಿಗೂ ಹೆಚ್ಚು ಅಗಲ, ತುದಿ ದುಂಡಗೆ, ಬೂದು ಬಣ್ಣ. ಮೇಲ್ಮೈ ತುಂಬ ಇಸಿಡಿಯಾ ಎಂಬ ಸಣ್ಣ ಸಣ್ಣ ಮೊನೆಗಳು ಎದ್ದಿರುತ್ತವೆ, ಬೆರಳಾಡಿಸಿದರೆ ತರಿತರಿ. ಅಂಚಿನಲ್ಲಿ ರೋಮ ಇಲ್ಲ. ಅಡಿಭಾಗ ನಡುವೆ ಕಪ್ಪು, ಅಂಚಿಗೆ ಬಂದಂತೆ ಕಂದು. ರೆಟಿಕ್ಯುಲೇಟಮ್‌ಗೆ ಮೇಲ್ಮೈಯಲ್ಲಿ ಬಲೆಯಂತೆ ಬಿಳಿ ಬಿರುಕು, ಅಂಚಿನಲ್ಲಿ ಹಿಟ್ಟಿನಂಥ ಸೊರೀಡಿಯಾ. ಎವರ್ನಿಯಾಸ್ಟ್ರಮ್ ಪಟ್ಟಿಪಟ್ಟಿಯಾಗಿ ಕವಲೊಡೆದಿರುತ್ತದೆ, ಅಂಚಿಗೆ ಕಪ್ಪು ರೋಮ.

ಇದಾದ ಮೇಲೆ ಬಣ್ಣದ ಪರೀಕ್ಷೆ. ಬ್ಲೇಡಿನ ಮೂಲೆಯಿಂದ ಮೇಲ್ಪದರವನ್ನು ತೆಳ್ಳಗೆ ಕೆರೆದು ಒಳಗಿನ ಬಿಳಿ ಮೆಡುಲ್ಲಾ ಕಾಣುವಂತೆ ಮಾಡಿ. ಎರಡು ದ್ರಾವಣ ಸಾಕು. "ಕೆ" ಅಂದರೆ 10 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿದ್ದು. "ಸಿ" ಅಂದರೆ ಸುವಾಸನೆ ಬೆರೆಸದ ಸಾದಾ ಬ್ಲೀಚ್ ದ್ರಾವಣ, ಸೋಡಿಯಂ ಹೈಪೋಕ್ಲೋರೈಟ್. ಗಾಜಿನ ಲೋಮನಾಳದಿಂದ ಒಂದು ಚುಕ್ಕೆ ಮುಟ್ಟಿಸಿ, ಲೆನ್ಸ್‌ನಿಂದ ಕಣ್ಣು ತೆಗೆಯಬೇಡಿ. ಸಿ ಕೊಡುವ ಕೆಂಪು ಕೆಲವೇ ಸೆಕೆಂಡಿನಲ್ಲಿ ಮಾಸುತ್ತದೆ.

ಟಿಂಕ್ಟೋರಮ್: ಮೇಲ್ಪದರ ಕೆ ಗೆ ಹಳದಿ, ಅದು ಅಟ್ರನೋರಿನ್. ಮೆಡುಲ್ಲಾ ಸಿ ಗೆ ಕೆಂಪು, ಅದು ಲೆಕನೋರಿಕ್ ಆಮ್ಲ.
ರೆಟಿಕ್ಯುಲೇಟಮ್: ಮೆಡುಲ್ಲಾ ಕೆ ಗೆ ಮೊದಲು ಹಳದಿ, ನಿಧಾನಕ್ಕೆ ರಕ್ತಗೆಂಪು, ಅದು ಸಲಾಜಿನಿಕ್ ಆಮ್ಲ. ಸಿ ಗೆ ಏನೂ ಇಲ್ಲ.
ನಿಜವಾದ ಪರ್ಲೇಟಮ್ (ಪಾರ್ಮೇಲಿಯಾ ಪರ್ಲೇಟಾದ ಈಗಿನ ಹೆಸರು ಪಾರ್ಮೋಟ್ರೀಮಾ ಪರ್ಲೇಟಮ್): ಸ್ಟಿಕ್ಟಿಕ್ ಆಮ್ಲ ಇರುವ ಕಾರಣ ಕೆ ಗೆ ಹಳದಿ, ಆಮೇಲೆ ಕಿತ್ತಳೆ. ಸಿ ಗೆ ಏನೂ ಇಲ್ಲ.

ಹಾಗಾಗಿ ನಿಮ್ಮ ಪ್ಯಾಕೆಟ್‌ನ ತುಂಡು ಸಿ ಗೆ ಕೆಂಪಾದರೆ ಅದು ಪರ್ಲೇಟಾ ಅಲ್ಲವೆಂದು ಅಲ್ಲೇ ತೀರ್ಮಾನವಾಯಿತು.

ಸುರತ್ಕಲ್_ಕೆಮ್

ಸಿ ದ್ರಾವಣದ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯ ಸೆಕೆಗೆ ಮುಚ್ಚಳ ತೆಗೆದ ಬ್ಲೀಚ್ ಬೇಗ ಸತ್ತು ಹೋಗುತ್ತದೆ. ಬಣ್ಣ ಬಾರದಿದ್ದರೆ ಜಾತಿಯನ್ನು ಅನುಮಾನಿಸುವ ಮೊದಲು ಬಾಟಲಿಯನ್ನು ಅನುಮಾನಿಸಿ. ಖಚಿತವಾಗಿ ಟಿಂಕ್ಟೋರಮ್ ಎಂದು ಗೊತ್ತಿರುವ ಒಂದು ಒಣ ತುಂಡನ್ನು ಲ್ಯಾಬಿನಲ್ಲೇ ಇಟ್ಟುಕೊಂಡು, ಕೆಲಸ ಶುರು ಮಾಡುವಾಗ ಪ್ರತಿ ಸಲ ಅದರ ಮೇಲೆ ಪರೀಕ್ಷಿಸಿ. ಬಾಟಲಿ ಕತ್ತಲಲ್ಲಿ, ತಂಪಿನಲ್ಲಿ ಇರಲಿ. ಕೆ ದ್ರಾವಣಕ್ಕೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಕಾರ್ಬೊನೇಟ್ ಆಗುತ್ತಾ ಬರುವುದರಿಂದ ಆಗಾಗ ಹೊಸದು ಮಾಡಿಕೊಳ್ಳಬೇಕು.

ಇನ್ನು ಮುಖ್ಯ ವಿಷಯ: ದಯವಿಟ್ಟು ಬಿಸಿ ಮೆಥನಾಲ್ ಬಿಟ್ಟುಬಿಡಿ.

ಲೆಕನೋರಿಕ್ ಆಮ್ಲ ಒಂದು ಡೆಪ್ಸೈಡ್. ಎರಡು ಆರ್ಸೆಲಿನಿಕ್ ಆಮ್ಲದ ಘಟಕಗಳು ಎಸ್ಟರ್ ಬಂಧದಿಂದ ಜೋಡಿಕೊಂಡ ಅಣು. ಸಾಕ್ಸ್‌ಲೆಟ್‌ನ ತಳದ ಫ್ಲಾಸ್ಕಿನಲ್ಲಿ ಆ ಸಾರ ಗಂಟೆಗಟ್ಟಲೆ ಕುದಿಯುತ್ತಿರುತ್ತದಲ್ಲ, ಆಗ ಮೆಥನಾಲೇ ಆ ಎಸ್ಟರ್ ಬಂಧಕ್ಕೆ ಕೈ ಹಾಕಿ ಅಣುವನ್ನು ಎರಡು ಹೋಳು ಮಾಡುತ್ತದೆ. ಒಂದು ಹೋಳು ಮೀಥೈಲ್ ಆರ್ಸೆಲಿನೇಟ್, ಇನ್ನೊಂದು ಆರ್ಸೆಲಿನಿಕ್ ಆಮ್ಲ. ಎರಡನೆಯದು ಬಿಸಿಗೆ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಆರ್ಸಿನಾಲ್ ಆಗುತ್ತದೆ. ಅಟ್ರನೋರಿನ್ ಕೂಡ ಇದೇ ಜಾತಿಯ ಬಂಧದ್ದು, ಅದೂ ಒಡೆಯುತ್ತದೆ. ಅಂದರೆ 8 ಗಂಟೆ ಬಿಟ್ಟು ನಿಮ್ಮ ಕೈಗೆ ಸಿಗುವುದರಲ್ಲಿ ಒಂದು ದೊಡ್ಡ ಪಾಲು ಲೈಕೆನ್ ಮಾಡಿದ್ದಲ್ಲ, ನಿಮ್ಮ ಫ್ಲಾಸ್ಕ್ ಮಾಡಿದ್ದು. ಅದನ್ನೇ ಬ್ಯಾಕ್ಟೀರಿಯಾಕ್ಕೆ ಹಾಕಿ "ಲೆಕನೋರಿಕ್ ಆಮ್ಲದ ಗುಣ" ಅಂತ ಬರೆದರೆ ಇಡೀ ಪ್ರಾಜೆಕ್ಟ್ ತಳಪಾಯವಿಲ್ಲದೆ ನಿಂತಂತೆ.

ಇದರಲ್ಲಿ ಇನ್ನೊಂದು ಬಲೆ ಉಂಟು. ಸಾರದ ಮೇಲೆ ಸಿ ಹಾಕಿದಾಗ ಕೆಂಪು ಬಂತು, ಹಾಗಾಗಿ ಲೆಕನೋರಿಕ್ ಇದೆ ಅಂತ ಕೆಲವರು ಬರೆಯುತ್ತಾರೆ. ಒಡೆದ ಹೋಳುಗಳಾದ ಮೀಥೈಲ್ ಆರ್ಸೆಲಿನೇಟ್, ಆರ್ಸಿನಾಲ್ ಕೂಡ ಸಿ ಗೆ ಕೆಂಪೇ ಕೊಡುತ್ತವೆ. ಥ್ಯಾಲಸ್ (ಲೈಕೆನ್ನಿನ ದೇಹ) ಮೇಲೆ ಮಾಡಿದ ಸಿ ಪರೀಕ್ಷೆ ಜಾತಿ ಗುರುತಿಸಲು ಸರಿ. ಸಾರದೊಳಗೆ ಏನುಂಟು ಅಂತ ಹೇಳಲು ಟಿಎಲ್‌ಸಿಯೇ (ತೆಳುಪದರದ ಪ್ಲೇಟಿನ ಮೇಲೆ ದ್ರಾವಕ ಏರಿಸಿ ಸಂಯುಕ್ತಗಳನ್ನು ಬೇರ್ಪಡಿಸುವ ಕ್ರೊಮೆಟೋಗ್ರಫಿ) ಬೇಕು.

ಉಡುಪಿ_ಸೂಕ್ಷ್ಮಜೀವಿ

ಹಾಗಾದರೆ ಅಸಿಟೋನ್‌ನಲ್ಲಿ ತಣ್ಣಗೆ? ಪ್ರಮಾಣ ಹೇಳ್ತೀರಾ ಸರ್? ಟಿಎಲ್‌ಸಿಗೆ ಎಚ್‌ಪಿಎಲ್‌ಸಿ ಯಂತ್ರದ (ಹೆಚ್ಚಿನ ಒತ್ತಡದ ದ್ರವ ಕ್ರೊಮೆಟೋಗ್ರಫಿ) ಫಲಿತಾಂಶದಷ್ಟು ಬೆಲೆ ಉಂಟೇ?

ಸುರತ್ಕಲ್_ಕೆಮ್

ನೆರಳಲ್ಲಿ ಒಣಗಿಸಿದ, ತೊಗಟೆ ಬಿಡಿಸಿದ 20 ಗ್ರಾಂ ಸಾಕು. ಬ್ರಷ್‌ನಿಂದ ಧೂಳು ತೆಗೆಯಿರಿ, ಸೋಪಿನ ನೀರು ಬೇಡ. ಮಿಕ್ಸಿಯಲ್ಲಿ ಪುಡಿ ಮಾಡುವಾಗ ಐದೈದು ಸೆಕೆಂಡ್ ಓಡಿಸಿ ನಿಲ್ಲಿಸಿ, ಜಾರ್ ಬಿಸಿಯಾಗಬಾರದು. ಆಮೇಲೆ ದ್ರಾವಕಗಳನ್ನು ಒಂದರ ನಂತರ ಒಂದು ಬಳಸಿ.

ಮೊದಲು ಹೆಕ್ಸೇನ್ 200 ಮಿ.ಲೀ., ರಾತ್ರಿಯಿಡೀ. ಮೇಣ, ಕೊಬ್ಬು, ಹಸಿರಿನ ಒಂದಷ್ಟು ಪಾಲು ಇದರಲ್ಲಿ ಹೋಗುತ್ತದೆ. ಸೋಸಿ ಒಣಗಿಸಿದ ಪುಡಿಗೆ ಕ್ಲೋರೋಫಾರ್ಮ್ 200 ಮಿ.ಲೀ., ಇದರಲ್ಲಿ ಅಟ್ರನೋರಿನ್ ಚೆನ್ನಾಗಿ ಬರುತ್ತದೆ, ಲೆಕನೋರಿಕ್ ಬರುವುದು ಅತ್ಯಲ್ಪ. ಕೊನೆಗೆ ಅಸಿಟೋನ್ 200 ಮಿ.ಲೀ., ಕೋಣೆಯ ಉಷ್ಣತೆಯಲ್ಲಿ, ಬಿರಟೆ ಹಾಕಿ ಕತ್ತಲಲ್ಲಿ 24 ಗಂಟೆ. ಲೆಕನೋರಿಕ್ ಇದರಲ್ಲಿ ಉಂಟು. ಅಸಿಟೋನ್ ಹಂತವನ್ನು ಇನ್ನೊಮ್ಮೆ ಮಾಡಿ ಎರಡನ್ನೂ ಸೇರಿಸಿ. ರೋಟರಿ ಇವಾಪೊರೇಟರ್‌ನಲ್ಲಿ ನೀರಿನ ತೊಟ್ಟಿ 40 ಡಿಗ್ರಿ ಮೀರದಿರಲಿ. ಎಲ್ಲವೂ ಫ್ಯೂಮ್ ಹುಡ್ ಒಳಗೆ. ಅಸಿಟೋನ್, ಹೆಕ್ಸೇನ್ ಹತ್ತಿರ ಬೆಂಕಿಯ ಸುದ್ದಿ ಬೇಡ. ಕ್ಲೋರೋಫಾರ್ಮ್ ತ್ಯಾಜ್ಯಕ್ಕೆ ಬೇರೆಯೇ ಕ್ಯಾನ್ ಇಡಿ, ಮತ್ತು ಯಾವ ಕಾರಣಕ್ಕೂ ಅದಕ್ಕೆ ಅಸಿಟೋನ್ ತ್ಯಾಜ್ಯ ಸುರಿಯಬೇಡಿ. ಕ್ಷಾರದ ಅಂಶ ಸೇರಿಕೊಂಡರೆ ಅವೆರಡೂ ಜೋರಾಗಿ ವರ್ತಿಸುತ್ತವೆ.

ಟಿಎಲ್‌ಸಿಯನ್ನು ಕಡೆಗಣಿಸಬೇಡಿ. ಚಿಸಿಟಾ ಕಲ್ಬರ್ಸನ್ ಮತ್ತು ಕ್ರಿಸ್ಟಿನ್ಸನ್ 1970ರಲ್ಲಿ ಲೈಕೆನ್‌ಗಳಿಗೆಂದೇ ಅದನ್ನು ಒಂದು ಪದ್ಧತಿಗೆ ತಂದರು, ಇಂದಿಗೂ ಜಾತಿ ನಿರ್ಣಯ ನಡೆಯುವುದು ಬಹುತೇಕ ಅದರ ಮೇಲೆಯೇ. ನಿಮಗೆ ದ್ರಾವಕ "ಸಿ" ಸಾಕು: ಟಾಲ್ವೀನ್ 17 ಮಿ.ಲೀ., ಗ್ಲೇಶಿಯಲ್ ಅಸಿಟಿಕ್ ಆಮ್ಲ 3 ಮಿ.ಲೀ. ಹೆಸರು ಒಂದೇ ಆದರೂ ಮೇಲಿನ ಬ್ಲೀಚ್ "ಸಿ"ಗೂ ಇದಕ್ಕೂ ಸಂಬಂಧ ಇಲ್ಲ. ಸಿಲಿಕಾ ಜೆಲ್ 60 ಎಫ್254 ಪ್ಲೇಟು. ಓಡಿ ಮುಗಿದ ಮೇಲೆ ಒಣಗಿಸಿ, ಮೊದಲು 254 ಮತ್ತು 365 ನ್ಯಾನೋಮೀಟರ್ ನೇರಳಾತೀತ ಬೆಳಕಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಆಮೇಲೆ 10% ಗಂಧಕಾಮ್ಲ ಸಿಂಪಡಿಸಿ 110 ಡಿಗ್ರಿಯಲ್ಲಿ 10 ನಿಮಿಷ ಇಡಿ. ಅಟ್ರನೋರಿನ್ ತುಂಬಾ ಮೇಲೆ, ಲೆಕನೋರಿಕ್ ಕೆಳಗಿನ ಅರ್ಧದಲ್ಲಿ, ಸಲಾಜಿನಿಕ್ ಹೊರಟ ಗೆರೆಗೆ ಅಂಟಿದಂತೆ ಕಾಣುತ್ತವೆ.

ಮಣಿಪಾಲ_ಲ್ಯಾಬ್

ಮಳೆಗಾಲದಲ್ಲಿ ಮಾಡುವವರು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವಕ್ಕೆ ಸಿಲಿಕಾ ನೀರು ಹೀರಿಕೊಂಡು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಚುಕ್ಕೆಗಳೆಲ್ಲ ಇರಬೇಕಾದ್ದಕ್ಕಿಂತ ಮೇಲಕ್ಕೆ ಏರಿಬಿಡುತ್ತವೆ. ಪುಸ್ತಕದ ಆರ್‌ಎಫ್ ಬೆಲೆಗೆ (ದ್ರಾವಕ ಏರಿದ ದೂರದಲ್ಲಿ ಚುಕ್ಕೆ ಏರಿದ ಪಾಲು) ಹೋಲಿಸಿ ಲೆಕನೋರಿಕ್ ಇರುವಲ್ಲಿ ಇನ್ನೇನೋ ಹೆಸರು ಬರೆಯುವುದು ಹೀಗೇ. ಪ್ಲೇಟನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಡೆಸಿಕೇಟರ್‌ನಲ್ಲೇ ಆರಿಸಿ, ಹೊರಗೆ ತೆಗೆದ ತಕ್ಷಣ ಚುಕ್ಕೆ ಇಟ್ಟು ತೊಟ್ಟಿಗೆ ಇಳಿಸಿ. ಪ್ರತಿ ಪ್ಲೇಟಿನ ಎಡ, ನಡು, ಬಲ ಮೂರೂ ಕಡೆ ಗೊತ್ತಿರುವ ಟಿಂಕ್ಟೋರಮ್ ಮತ್ತು ರೆಟಿಕ್ಯುಲೇಟಮ್‌ನ ಅಸಿಟೋನ್ ಸಾರವನ್ನು ಜೊತೆಗೆ ಓಡಿಸಿ. ಹೋಲಿಕೆ ಪಕ್ಕದ ಚುಕ್ಕೆಯ ಜೊತೆ ಇರಲಿ, ಅಚ್ಚಾದ ಅಂಕಿಯ ಜೊತೆ ಬೇಡ.

ಈಗ ಬ್ಯಾಕ್ಟೀರಿಯಾ ಭಾಗಕ್ಕೆ ಬರ್ತೇನೆ. ಅಗರ್ ಬಾವಿ ವಿಧಾನ ಲೈಕೆನ್ ಸಂಯುಕ್ತಗಳಿಗೆ ಒಗ್ಗುವುದಿಲ್ಲ. ಇವು ನೀರಲ್ಲಿ ಕರಗುವುದೇ ಕಷ್ಟ, ಅಗರ್ ಅಂದರೆ ಬಹುಪಾಲು ನೀರು. ಶಕ್ತಿಯುಳ್ಳ ಸಂಯುಕ್ತವೂ ಬಾವಿಯ ಗೋಡೆಯಲ್ಲೇ ಹರಳುಗಟ್ಟಿ ಕೂರುತ್ತದೆ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಸಣ್ಣದಾಗಿ ಕಾಣುತ್ತದೆ. ಸುಲಭವಾಗಿ ಹರಡುವ ದುರ್ಬಲ ಫೀನಾಲ್‌ಗೆ ದೊಡ್ಡ ವಲಯ ಬರುತ್ತದೆ. ಮೇಲೆ ಹೇಳಿದ ಒಡೆದ ಹೋಳುಗಳು ಚಿಕ್ಕ ಅಣುಗಳು, ಅವೇ ಇಲ್ಲಿ ದಾರಿ ತಪ್ಪಿಸುವುದು.

96 ಗುಳಿಯ ತಟ್ಟೆಯಲ್ಲಿ ಬ್ರಾತ್ ಮೈಕ್ರೋಡೈಲ್ಯೂಶನ್ ಮಾಡಿ, ಅಂದರೆ ದ್ರವ ಮಾಧ್ಯಮದಲ್ಲಿ ಸಾರವನ್ನು ಹಂತಹಂತವಾಗಿ ತೆಳುಗೊಳಿಸಿ ಪರೀಕ್ಷಿಸುವುದು. ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ದ್ರಾವಕದಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಮೂಲ ದ್ರಾವಣ. ಅರ್ಧರ್ಧ ಮಾಡುತ್ತಾ ಹೋಗುವುದೂ ಡಿಎಂಎಸ್‌ಒದಲ್ಲೇ ಆಗಲಿ, ಬ್ರಾತ್‌ನಲ್ಲಿ ಬೇಡ, ಅಲ್ಲಿ ಮೊದಲ ಗುಳಿಯಲ್ಲೇ ಗಷ್ಟು ಕಟ್ಟಿದರೆ ಮುಂದಿನ ಲೆಕ್ಕವೆಲ್ಲ ಸುಳ್ಳು. ಪ್ರತಿ ಹಂತದಿಂದ 2 ಮೈಕ್ರೋಲೀಟರ್ ತೆಗೆದು ಗುಳಿಯ 198 ಮೈಕ್ರೋಲೀಟರ್ ಬ್ರಾತ್‌ಗೆ ಹಾಕಿದರೆ ಎಲ್ಲ ಗುಳಿಯಲ್ಲೂ ಡಿಎಂಎಸ್‌ಒ 1% ಆಗಿ ನಿಲ್ಲುತ್ತದೆ, ಅತಿ ಹೆಚ್ಚಿನ ಸಾಂದ್ರತೆ ಮಿ.ಲೀ.ಗೆ 100 ಮೈಕ್ರೋಗ್ರಾಂ. ಮುಲ್ಲರ್-ಹಿಂಟನ್ ಬ್ರಾತ್, ಕೊನೆಯಲ್ಲಿ ಮಿ.ಲೀ.ಗೆ 5 ಲಕ್ಷ ಜೀವಕೋಶ, 35 ಡಿಗ್ರಿ, 16ರಿಂದ 20 ಗಂಟೆ. ಸಾರದ್ದೇ ಬಣ್ಣ ಮತ್ತು ಮಬ್ಬು ಇರುವುದರಿಂದ ಬರಿಗಣ್ಣಿನ ಓದಿಗೆ ಭರವಸೆ ಇಲ್ಲ. 0.015% ರೆಸಜುರಿನ್ ಎಂಬ ಸೂಚಕ ಬಣ್ಣ 30 ಮೈಕ್ರೋಲೀಟರ್ ಹಾಕಿ ಎರಡು ಗಂಟೆ ಬಿಡಿ. ನೀಲಿಯೇ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿಯಾದರೆ ಉಂಟು.

ಬ್ಯಾಕ್ಟೀರಿಯಾ ಇಲ್ಲದ, ಸಾರ ಮತ್ತು ರೆಸಜುರಿನ್ ಮಾತ್ರ ಇರುವ ಒಂದು ಸಾಲು ಕಡ್ಡಾಯ. ಫೀನಾಲ್‌ಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸಬಲ್ಲವು. 1% ಡಿಎಂಎಸ್‌ಒ ಮಾತ್ರ ಇರುವ ಸಾಲೂ ಇರಲಿ. ಎಸ್. ಆರಿಯಸ್ ಎಟಿಸಿಸಿ 29213, ಇ. ಕೋಲಿ ಎಟಿಸಿಸಿ 25922 ಎರಡನ್ನೂ ಇಡಿ, ಕೊಂಡುತಂದ ಶುದ್ಧ ಅಸ್ನಿಕ್ ಆಮ್ಲವನ್ನು ಹೋಲಿಕೆಗೆ ಇಡಿ. ಅಸ್ನಿಕ್ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ತಡೆಯುತ್ತದೆ, ಇ. ಕೋಲಿಯ ಹೊರಪೊರೆ ಅದನ್ನು ಒಳಗೆ ಬಿಡುವುದಿಲ್ಲ. ನಿಮ್ಮ ತಟ್ಟೆಯಲ್ಲಿ ಅಸ್ನಿಕ್ ಆಮ್ಲ ಇ. ಕೋಲಿಯನ್ನೂ ಸಲೀಸಾಗಿ ಕೊಂದರೆ, ಡಿಎಂಎಸ್‌ಒ ಹೆಚ್ಚಾಗಿದೆ ಅಥವಾ ಕಲ್ಚರ್ ಸರಿ ಇಲ್ಲ ಅಂತ ತಿಳಿಯಿರಿ.

ಬಂದರು_ಮಸಾಲೆ

ಅಡುಗೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬಂದರಿನ ಸಗಟು ಅಂಗಡಿಗಳಲ್ಲಿ ಕೇಳುವ ಗಿರಾಕಿಗಳಿಗೂ ಇದೇ ಸಂಶಯ. ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂವು ಹಸಿಯಲ್ಲಿ ವಾಸನೆಯೇ ಇಲ್ಲ, ಎಣ್ಣೆಯಲ್ಲಿ ಬಿದ್ದ ಕೂಡಲೇ ಘಮ ಬರುತ್ತದೆ. ಅದು ಯಾಕೆ ಅಂತಲೂ ಯಾರಾದರೂ ಹೇಳಿ ಮಾರಾಯ್ರೆ.

ಕೊಣಾಜೆ_ಬಾಟನಿ

ಅಟ್ರನೋರಿನ್, ಲೆಕನೋರಿಕ್‌ನಂಥ ದೊಡ್ಡ ಅಣುಗಳು ಆವಿಯಾಗುವುದಿಲ್ಲ, ಹಾಗಾಗಿ ಮೂಗಿಗೆ ತಲುಪುವುದಿಲ್ಲ. ಬಿಸಿಗೆ ಡೆಪ್ಸೈಡ್ ಒಡೆದರೆ ಸಣ್ಣ ಫೀನಾಲ್ ಎಸ್ಟರ್‌ಗಳು ಹುಟ್ಟುತ್ತವೆ, ಅವುಗಳಿಗೆ ವಾಸನೆ ಉಂಟು. ಯುರೋಪಿನ ಓಕ್‌ಮಾಸ್ ಎಂಬ ಲೈಕೆನ್ನಿನ ಸುಗಂಧದಲ್ಲೂ ಮುಖ್ಯ ಪಾತ್ರ ಅಟ್ರನೋರಿನ್ ಒಡೆದು ಬರುವ ಮೀಥೈಲ್ ಬೀಟಾ-ಆರ್ಸಿನಾಲ್ ಕಾರ್ಬಾಕ್ಸಿಲೇಟ್‌ನದೇ. ಸಾಕ್ಸ್‌ಲೆಟ್‌ನಲ್ಲಿ ನಾವು ಬೇಡ ಅನ್ನುವ ಅದೇ ಒಡೆತ ಬಾಣಲೆಯಲ್ಲಿ ಬೇಕಾಗುತ್ತದೆ. ಆದರೆ ಅದೇ ಒಡೆತದಿಂದ ಅಟ್ರನಾಲ್, ಕ್ಲೋರೋಅಟ್ರನಾಲ್ ಕೂಡ ಬರುತ್ತವೆ. ಚರ್ಮಕ್ಕೆ ಅಲರ್ಜಿ ತರುವ ಕಾರಣ ಯುರೋಪಿಯನ್ ಒಕ್ಕೂಟ ಸೌಂದರ್ಯವರ್ಧಕಗಳಲ್ಲಿ ಅವನ್ನು 2017ರ ನಿಯಮದಲ್ಲಿ ನಿಷೇಧಿಸಿತು. 2021ರ ಆಗಸ್ಟ್‌ನಿಂದ ಅವು ಇರುವ ಸರಕು ಅಲ್ಲಿನ ಅಂಗಡಿಗಳಲ್ಲಿ ಮಾರುವಂತಿಲ್ಲ. ಸಾರವನ್ನು ಕ್ರೀಮಿಗೆ, ಸೋಪಿಗೆ ಹಾಕುವ ಆಲೋಚನೆ ಇರುವವರು ಇದನ್ನು ಮರೆಯಬಾರದು.

ಲಿವರ್ ವಿಷಯ. ಟಿಂಕ್ಟೋರಮ್, ರೆಟಿಕ್ಯುಲೇಟಮ್ ಎರಡರಲ್ಲೂ ಮೇಲ್ಪದರದ ಸಂಯುಕ್ತ ಅಟ್ರನೋರಿನ್, ಅಸ್ನಿಕ್ ಅಲ್ಲ. ಅಸ್ನಿಕ್ ಹೇರಳವಾಗಿರುವುದು ಅಸ್ನಿಯಾದಲ್ಲಿ, ಅಂದರೆ ಘಟ್ಟದ ಮೇಲಿನ ಮರಗಳಲ್ಲಿ ಗಡ್ಡದಂತೆ ಜೋಲುವ ಹಳದಿ-ಹಸಿರು ಲೈಕೆನ್. ಒದ್ದೆ ಮಾಡಿ ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಹೊರಸಿಪ್ಪೆ ಬಿರಿದು ಒಳಗೆ ಬಿಳಿ ದಾರ ರಬ್ಬರಿನಂತೆ ಹಿಗ್ಗುವುದು ಕಾಣುತ್ತದೆ, ಅದೇ ಗುರುತು. ಅಸ್ನಿಕ್ ಆಮ್ಲ 1844ರಲ್ಲೇ ಬೇರ್ಪಟ್ಟ ಹಳೆಯ ಸಂಯುಕ್ತ. ಅದು ಮೈಟೊಕಾಂಡ್ರಿಯಾದಲ್ಲಿ ಆಹಾರದ ಉರಿತವನ್ನೂ ಎಟಿಪಿ ತಯಾರಿಯನ್ನೂ ಬೇರೆ ಮಾಡಿಬಿಡುತ್ತದೆ, ಶಕ್ತಿ ಶಾಖವಾಗಿ ಸೋರುತ್ತದೆ. ತೂಕ ಇಳಿಸುವ ಮಾತ್ರೆಗೆ ಅದನ್ನು ಸೇರಿಸಿದ್ದು ಇದೇ ಕಾರಣಕ್ಕೆ, ಲಿವರ್ ಹಾಳಾಗುವುದಕ್ಕೂ ಇದೇ ಕಾರಣ. ಸೋಡಿಯಂ ಅಸ್ನಿಯೇಟ್ ಇದ್ದ ಲಿಪೋಕಿನೆಟಿಕ್ಸ್ ಎಂಬ ಮಾತ್ರೆಯ ವಿರುದ್ಧ ಅಮೆರಿಕದ ಎಫ್‌ಡಿಎ 2001ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು.

ಪಾತ್ರೆಗೆ ಒಂದೆರಡು ದಳ ಹಾಕುವುದಕ್ಕೂ ದಿನಾ ಹಿಡಿಗಟ್ಟಲೆ ಕಷಾಯ ಕುಡಿಯುವುದಕ್ಕೂ ಬಹಳ ಅಂತರ ಉಂಟು. ಆಯುರ್ವೇದದಲ್ಲಿ ಶೈಲೇಯ ಅಂತ ಇದು ಬರುತ್ತದೆ, ಬಳಸುವವರು ವೈದ್ಯರ ಅಳತೆಯಲ್ಲೇ ಬಳಸಲಿ. ಲೈಕೆನ್‌ಗೆ ಬೇರಿಲ್ಲ, ಬೇಕಾದ್ದನ್ನೆಲ್ಲ ಮಳೆ ಮತ್ತು ಧೂಳಿನಿಂದ ಹೀರುತ್ತದೆ, ಅದರ ಜೊತೆ ಸೀಸ, ಕ್ಯಾಡ್ಮಿಯಂ ಕೂಡ ಸೇರುತ್ತವೆ. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಮರಗಳಿಂದ, ಕೈಗಾರಿಕಾ ಪ್ರದೇಶದ ಸುತ್ತಮುತ್ತಲಿಂದ ತೆಗೆದದ್ದನ್ನು ಬಾಯಿಗೆ ಹಾಕಬೇಡಿ.

ಕಾಪು_ಕಡಲು

ನಮ್ಮ ತೆಂಗಿನ ಮರಗಳ ಮೇಲೆ ಬೂದುಬಿಳಿ ಹಪ್ಪಳಿಕೆ ಕಟ್ಟಿರುತ್ತದಲ್ಲ, ಅದರಲ್ಲೂ ಇಂಥ ಸಂಯುಕ್ತ ಉಂಟೇ?

ಕೊಣಾಜೆ_ಬಾಟನಿ

ಖಂಡಿತ. ಅದರಲ್ಲಿ ಒಂದು ಪಿಕ್ಸೀನ್ ಕೊಕೋಯಿಸ್, ಹೆಸರೇ ತೆಂಗಿನದ್ದು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹೆಚ್ಚಿನವು 395 ನ್ಯಾನೋಮೀಟರಿನ ಆಸುಪಾಸಿನವು, ಅದು ಬೇಡ, 365 ನ್ಯಾನೋಮೀಟರಿನದ್ದೇ ತನ್ನಿ. ರಾತ್ರಿ ಮರಕ್ಕೆ ಹಿಡಿದರೆ ಪಿಕ್ಸೀನ್ ಹೊಳೆಯುವ ಹಳದಿ ಬೀರುತ್ತದೆ, ಅದು ಲೈಕೆಕ್ಸಾಂಥೋನ್. ಪಕ್ಕದಲ್ಲೇ ಅಂಟಿರುವ ಡಿರಿನೇರಿಯಾ ಹಾಗೆ ಹೊಳೆಯುವುದಿಲ್ಲ. ಹಗಲಲ್ಲಿ ಎರಡೂ ಒಂದೇ ಥರ ಕಾಣುವ ಕಾರಣ ಇದು ತುಂಬ ಉಪಯೋಗದ ಗುರುತು. ಮರಕ್ಕೆ ಇವುಗಳಿಂದ ತೊಂದರೆ ಇಲ್ಲ, ಸುಣ್ಣ ಬಳಿದು ಕೆರೆಯಬೇಕಾಗಿಲ್ಲ.

ಲೈಕೆನ್ ಇದನ್ನೆಲ್ಲ ಮಾಡುವುದು ತನ್ನ ಕೆಲಸಕ್ಕೆ. ಶಿಲೀಂಧ್ರದ ಎಳೆಗಳ ಹೊರಮೈ ಮೇಲೆ ಹರಳಾಗಿ ಕೂರುವ ಈ ಸಂಯುಕ್ತಗಳು ಬಿಸಿಲಿನ ತೀಕ್ಷ್ಣತೆ ತಡೆದು ಒಳಗಿನ ಪಾಚಿಯನ್ನು ಕಾಪಾಡುತ್ತವೆ. ಮೆಡುಲ್ಲಾದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುತ್ತವೆ, ನಮ್ಮಲ್ಲಿಯ ಮಳೆಯಲ್ಲೂ ಪಾಚಿಗೆ ಗಾಳಿ ಸಿಗುವುದು ಅದರಿಂದ. ಬಸವನಹುಳು ತಿನ್ನದಂತೆಯೂ ತಡೆಯುತ್ತವೆ. ಪೂರ್ತಿ ಒಣಗಿದ ಜೀವಂತ ಲೈಕೆನ್ನನ್ನು ಅಸಿಟೋನ್‌ನಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಕೆಲವು ಬಾರಿ ತೊಳೆದರೆ ಸಂಯುಕ್ತಗಳು ಹೋಗುತ್ತವೆ, ಲೈಕೆನ್ ಸಾಯುವುದಿಲ್ಲ. ಹಾಗೆ ತೊಳೆದದ್ದನ್ನು ಹುಳುಗಳು ಹೆಚ್ಚು ಮೇಯುತ್ತವೆ. ಒದ್ದೆ ಇರುವಾಗ ತೊಳೆದರೆ ಮಾತ್ರ ಪಾಚಿ ಸತ್ತೇ ಹೋಗುತ್ತದೆ.

ಮಣಿಪಾಲ_ಲ್ಯಾಬ್

ಲೆಕನೋರಿಕ್‌ನ ಇನ್ನೊಂದು ಉಪಯೋಗ ಎಲ್ಲ ಕಾಲೇಜಿನ ಕಪಾಟಿನಲ್ಲೂ ಉಂಟು: ಆರ್ಸೀನ್. ಆರ್ಸಿನಾಲ್‌ಗೆ ಅಮೋನಿಯಾ ಮತ್ತು ಗಾಳಿಯ ಆಮ್ಲಜನಕ ಸೇರಿ ಹುಟ್ಟುವ ನೇರಳೆ ಬಣ್ಣ. ಲಿಟ್ಮಸ್ ಕೂಡ ಇದೇ ವಂಶ, ಸಮುದ್ರತೀರದ ರೊಕ್ಸೆಲ್ಲಾ ಲೈಕೆನ್‌ಗಳಿಂದ ಬಂದದ್ದು. ಈರುಳ್ಳಿ ಬೇರಿನ ತುದಿಯಲ್ಲಿ ವರ್ಣತಂತು ನೋಡಲು 1 ಗ್ರಾಂ ಆರ್ಸೀನನ್ನು 45 ಮಿ.ಲೀ. ಬಿಸಿ ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಆರಿದ ಮೇಲೆ 55 ಮಿ.ಲೀ. ನೀರು ಹಾಕಿ ಸೋಸಿ. ಬಳಸುವಾಗ ಈ ಬಣ್ಣ 9 ಭಾಗಕ್ಕೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 1 ಭಾಗ ಸೇರಿಸಿ ಬೇರನ್ನು ಮೆಲ್ಲಗೆ ಬೆಚ್ಚಗೆ ಮಾಡಿ, ಕುದಿಸಬೇಡಿ. ಸ್ಲೈಡ್ ಮೇಲೆ ಕೆಂಪು ಕಣಗಳು ಕಂಡರೆ ಬಣ್ಣ ಹಳತಾಗಿದೆ, ಮತ್ತೆ ಸೋಸಿ.

ಹೆಬ್ರಿ_ಘಾಟಿ

ಸಂಗ್ರಹದ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಇವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಅಂಗೈಯಗಲದ ಒಂದು ಟಿಂಕ್ಟೋರಮ್ ಅನೇಕ ವರ್ಷಗಳದ್ದು, ಕಿತ್ತ ಜಾಗಕ್ಕೆ ಮುಂದಿನ ಮಳೆಗಾಲದಲ್ಲಿ ಮತ್ತೆ ಬರುವುದಿಲ್ಲ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚೂರೂ ತೆಗೆಯುವಂತಿಲ್ಲ. ಪ್ರಾಜೆಕ್ಟ್‌ಗೆ ಗಾಳಿಗೆ ಬಿದ್ದ ಕೊಂಬೆ, ಕಡಿದ ಮರ, ಖಾಸಗಿ ತೋಟ, ಇಷ್ಟೇ ಸಾಕು. 50 ಗ್ರಾಂ ಯಾಕೆ ಬೇಕು? ಟಿಎಲ್‌ಸಿಗೆ ಉಗುರಿನಗಲ ಸಾಕು, ಉಳಿದದ್ದಕ್ಕೆ ಮೇಲೆ ಹೇಳಿದ 20 ಗ್ರಾಂ ಮೀರಬೇಡಿ. 2021ರಲ್ಲಿ ಲೈಕೆನ್ ಶಿಲೀಂಧ್ರದ ಒಂದು ಪಾಲಿಕೆಟೈಡ್ ಸಿಂಥೇಸ್ ಜೀನನ್ನು ಯೀಸ್ಟ್‌ಗೆ ಸೇರಿಸಿ ಲೆಕನೋರಿಕ್ ಆಮ್ಲ ಮಾಡಿಸಿದ್ದಾರೆ. ದೊಡ್ಡ ಪ್ರಮಾಣಕ್ಕೆ ದಾರಿ ಅದು, ಕಾಡು ಕೆರೆಯುವುದಲ್ಲ.

ಉಡುಪಿ_ಸೂಕ್ಷ್ಮಜೀವಿ

ಎಲ್ಲರಿಗೂ ಧನ್ಯವಾದ. ಸಾಕ್ಸ್‌ಲೆಟ್ ಕೈಬಿಟ್ಟು ಮೂರು ದ್ರಾವಕದ ತಣ್ಣನೆ ಕ್ರಮಕ್ಕೆ ಬದಲಾಯಿಸುತ್ತೇವೆ, ಪ್ಯಾಕೆಟ್‌ನದ್ದನ್ನು ಜಾತಿವಾರು ಬಿಡಿಸಿದ ಮೇಲೆಯೇ ಶುರು. ಒಂದೇ ಸಂಶಯ ಉಳಿದಿದೆ: ಈಗ ಮಳೆ, ತಂದ ಮಾದರಿ ಬೂಸ್ಟು ಹಿಡಿಯದಂತೆ ಇಡುವುದು ಹೇಗೆ?

ಹೆಬ್ರಿ_ಘಾಟಿ

ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಂದೇ ರಾತ್ರಿಯಲ್ಲಿ ಬೆವರಿ ಬೂಸ್ಟು ಬರುತ್ತದೆ. ಹಳೇ ಪೇಪರಿನ ಪೊಟ್ಟಣದಲ್ಲಿ ತಂದು, ಹರಡಿ, ಫ್ಯಾನಿನ ಕೆಳಗೆ ಎರಡು ಮೂರು ದಿನ ಬಿಡಿ. ಬಿಸಿಲಿಗೆ, ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ. ಮುರಿದರೆ ಟಕ್ ಅಂತ ಸದ್ದು ಬರುವಷ್ಟು ಒಣಗಿದ ಮೇಲೆ ಪೇಪರ್ ಲಕೋಟೆಗೆ ಹಾಕಿ, ಲಕೋಟೆಗಳನ್ನು ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿಡಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಹುರಿಯಬೇಡಿ, ನೀಲಿ ಬಣ್ಣ ಕೋಬಾಲ್ಟ್‌ನದ್ದು, ಲ್ಯಾಬಿನ ಓವನ್‌ನಲ್ಲೇ ಒಣಗಿಸಿ. ಲಕೋಟೆಯ ಮೇಲೆ ಊರು, ಮರದ ಹೆಸರು, ಎತ್ತರ, ದಿನಾಂಕ, ತೆಗೆದವರ ಹೆಸರು ಪೆನ್ಸಿಲ್‌ನಲ್ಲಿ ಬರೆಯಿರಿ, ಅಸಿಟೋನ್ ತಾಗಿದರೆ ಪೆನ್ನಿನ ಶಾಯಿ ಹರಿದುಹೋಗುತ್ತದೆ. ಪುಡಿ ಮಾಡುವ ಮೊದಲು ಪ್ರತಿ ಜಾತಿಯ ಒಂದು ಇಡೀ ತುಂಡನ್ನು ಎತ್ತಿಟ್ಟು ಹರ್ಬೇರಿಯಂ ಸಂಖ್ಯೆ ಪಡೆಯಿರಿ. ಲಖನೌದ ಎನ್‌ಬಿಆರ್‌ಐಯಲ್ಲಿ (ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ) ಲೈಕೆನ್‌ಗೆಂದೇ ಹರ್ಬೇರಿಯಂ ಉಂಟು. ನಾಳೆ ಯಾರಾದರೂ ಜಾತಿಯ ಹೆಸರನ್ನು ಪ್ರಶ್ನಿಸಿದರೆ ತೋರಿಸಲು ಆ ತುಂಡು ಬೇಕಾಗುತ್ತದೆ.